ಅರಳು ಮರಳು ಎಂದು ಸುಮ್ಮನಿರಬೇಡಿ

ಅಜ್ಜಿ ಉಂಡದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆ. ತಾತ ದಿನಾ ನಡೆದಾಡುವ ಹೊಲದ ದಾರಿಯನ್ನೇ ತಪ್ಪುತ್ತಾರೆ. 'ಅರವತ್ತಕ್ಕೆ ಅರಳು ಮರಳು' ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಇದು ಬರಿಯ ಮುಪ್ಪಲ್ಲ, ಕಾಯಿಲೆ ಇರಬಹುದು. ಮರೆವಿನ ಕಾಯಿಲೆಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್‌ಝೈಮರ್.

ಜರ್ಮನಿಯ ವೈದ್ಯ ಆಲೋಯಿಸ್ ಆಲ್‌ಝೈಮರ್ 1906ರಲ್ಲಿ ಇದನ್ನು ಮೊದಲು ವಿವರಿಸಿದರು. ತೀರಿಕೊಂಡ ರೋಗಿಯ ಮಿದುಳಿನಲ್ಲಿ ಅವರು ಒಂದು ಬಗೆಯ ಮಡ್ಡಿಯನ್ನೂ ಸಿಕ್ಕುಗಟ್ಟಿದ ಎಳೆಗಳನ್ನೂ ಕಂಡರು. ಆ ಮಡ್ಡಿ ತೆಗೆಯುವ ಔಷಧಗಳು ಈಚೆಗೆ ಬಂದಿವೆ. ಅವು ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ, ಗುಣಪಡಿಸುವುದಿಲ್ಲ. ಮಡ್ಡಿಯೊಂದೇ ಕಾರಣವಲ್ಲ ಎಂದಾಯಿತು.

ರಾಯದುರ್ಗ, ಮಡಕಶಿರಾದ ರೈತರಿಗೆ ಇದು ಬೇಗ ಅರ್ಥವಾದೀತು. 2000ದಲ್ಲಿ ಅಂದಿನ ಅನಂತಪುರ ಜಿಲ್ಲೆಯಲ್ಲಿ ಕಡಲೆಕಾಯಿ ಗಿಡಗಳ ಕುಡಿ, ಕಾಂಡ ಒಣಗಿ ಸುಮಾರು 2.25 ಲಕ್ಷ ಹೆಕ್ಟೇರ್ ಬೆಳೆಗೆ ರೋಗ ತಗುಲಿತು. ಗಿಡದೊಳಗೆ ವೈರಸ್ ಇತ್ತು. ಆದರೆ ಅದು ಬಂದದ್ದು ಬದುವಿನ ಮೇಲಿನ ಪಾರ್ಥೇನಿಯಂ ಕಳೆಯಿಂದ. ಆ ಕಳೆಯಲ್ಲಿ ರೋಗದ ಗುರುತೇ ಕಾಣುತ್ತಿರಲಿಲ್ಲ. ಅದರ ಹೂವಿನ ಪುಡಿಯಲ್ಲಿದ್ದ ವೈರಸ್ಸನ್ನು ಥ್ರಿಪ್ಸ್ ಎಂಬ ಸಣ್ಣ ಹುಳು ಕಡಲೆಕಾಯಿಗೆ ತಲುಪಿಸುತ್ತಿತ್ತು. ಗಿಡ, ಕಳೆ, ಹುಳು ಮೂರನ್ನೂ ಕೂಡಿಸಿ ನೋಡಿದ ಮೇಲೆಯೇ ದಾರಿ ಸಿಕ್ಕಿತು: ಹೂ ಬಿಡುವ ಮುನ್ನ ಕಳೆ ಕೀಳುವುದು, ಹೊಲದ ಸುತ್ತ ಜೋಳ, ಸಜ್ಜೆಯ ಸಾಲು ಹಾಕುವುದು.

ಮಿದುಳನ್ನೂ ಹೀಗೆ ಇಡೀ ಹೊಲದಂತೆ ನೋಡುವ ವಿದ್ಯೆಗೆ ವ್ಯವಸ್ಥಾ ಜೀವವಿಜ್ಞಾನ ಎಂದು ಹೆಸರು. ವಂಶವಾಹಿ, ರಕ್ತನಾಳ, ಸಕ್ಕರೆ, ಉರಿಯೂತ, ನಿದ್ರೆ ಇವು ಒಂದರ ಮೇಲೊಂದು ಹೇಗೆ ಪರಿಣಾಮ ಬೀರುತ್ತವೆ ಎಂಬುದನ್ನು ಇಲ್ಲಿ ಕಂಪ್ಯೂಟರ್ ನೆರವಿನಿಂದ ಲೆಕ್ಕ ಹಾಕುತ್ತಾರೆ. ಅದಕ್ಕೆ ಬಹಳ ಜನರ ವಿವರ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಇಂಥ ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ 10,000 ಜನರ ರಕ್ತ, ನೆನಪಿನ ಶಕ್ತಿ, ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಪರೀಕ್ಷಿಸುವುದು ಅದರ ಗುರಿ. ಅವರೂ ನಮ್ಮಂತೆ ಬಯಲುಸೀಮೆಯ ಹಳ್ಳಿಯವರೇ.

ಕಾರಣಗಳು ಹಲವು ಇರುವುದರಿಂದ ತಡೆಯುವ ದಾರಿಗಳೂ ಹಲವು. ಮರೆವಿನ ಕಾಯಿಲೆಗೆ ಎಡೆಮಾಡುವ 14 ಅಂಶಗಳನ್ನು ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಎಂದು 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಆಯೋಗ ತಿಳಿಸಿತು. ನಾವು ಮಾಡಬಹುದಾದವು ಇವು:

• ನಡುವಯಸ್ಸಿನಿಂದಲೇ ಬಿ.ಪಿ., ಸಕ್ಕರೆ ಪರೀಕ್ಷಿಸಿ, ಹತೋಟಿಯಲ್ಲಿಡಿ.
• ಬೀಡಿ, ಸಿಗರೇಟು, ಕುಡಿತ ಬಿಡಿ.
• ಕಿವಿ ಮಂದವಾದರೆ, ಕಣ್ಣಿಗೆ ಪೊರೆ ಬಂದರೆ ಚಿಕಿತ್ಸೆ ಕೊಡಿಸಿ.
• ಹಿರಿಯರನ್ನು ಮೂಲೆಗೆ ಕೂರಿಸಬೇಡಿ. ನಡೆದಾಡಲಿ, ನಾಲ್ಕು ಜನರೊಡನೆ ಮಾತಾಡಲಿ.

ಮರೆವು ಹೆಚ್ಚಾದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ. ಕೇಳಿದ್ದನ್ನೇ ಹತ್ತು ಸಲ ಕೇಳುವ ಅಜ್ಜಿಯ ಮೇಲೆ ರೇಗಬೇಡಿ. ಅವರು ಬೇಕೆಂದು ಕೇಳುತ್ತಿಲ್ಲ.