ಇಬ್ಬರೂ ಒಟ್ಟಿಗೆ ತಿದ್ದಿದಾಗ

ಬೇರೆ ಬೇರೆ ಊರಿನಲ್ಲಿ ಕುಳಿತ ಇಬ್ಬರು ಒಂದೇ ಕಡತವನ್ನು ಒಂದೇ ಹೊತ್ತಿಗೆ ತಿದ್ದುವುದು ಈಗ ಮಾಮೂಲಿ ಸಂಗತಿ. ಇಂಥ ಆ್ಯಪ್ ಕಟ್ಟುವವರ ನಿಜವಾದ ಕಷ್ಟವಿರುವುದು ಪರದೆಯ ಅಂದಚಂದದಲ್ಲಲ್ಲ. ಕೊನೆಗೆ ಇಬ್ಬರ ಮುಂದೆಯೂ ಒಂದೇ ಬರಹ ಉಳಿಯುವಂತೆ ನೋಡಿಕೊಳ್ಳುವುದರಲ್ಲಿ.

ಕಡತದಲ್ಲಿ ‘ಮರ’ ಎಂದಷ್ಟೇ ಇದೆ ಎನ್ನಿ. ಮೈಸೂರಿನಲ್ಲಿರುವವರು ಮೊದಲಿಗೆ ‘ಅ’ ಸೇರಿಸುತ್ತಾರೆ, ಅವರಿಗೆ ‘ಅಮರ’ ಕಾಣುತ್ತದೆ. ಅದೇ ಕ್ಷಣ ದುಬೈನಲ್ಲಿರುವವರು ಕೊನೆಗೆ ‘ಳು’ ಸೇರಿಸುತ್ತಾರೆ, ಅವರಿಗೆ ‘ಮರಳು’. ಈಗ ‘ಎರಡು ಅಕ್ಷರ ದಾಟಿ ಳು ಸೇರಿಸು’ ಎಂಬ ಸೂಚನೆ ದುಬೈನಿಂದ ಹೊರಟು ಮೈಸೂರಿಗೆ ಬರುತ್ತದೆ. ಅದನ್ನು ಹಾಗೆಯೇ ಪಾಲಿಸಿದರೆ ಮೈಸೂರಿನಲ್ಲಿ ‘ಅಮಳುರ’, ಅತ್ತ ಮೈಸೂರಿನ ‘ಅ’ ತಲುಪಿದ ದುಬೈನಲ್ಲಿ ‘ಅಮರಳು’! ಯಾರೂ ತಪ್ಪು ಮಾಡಿಲ್ಲ, ಆದರೂ ಎರಡು ಪ್ರತಿಗಳು ಬೇರೆಯಾಗಿಬಿಟ್ಟವು.

ಇದಕ್ಕೊಂದು ದಾರಿಯನ್ನು 1989ರಲ್ಲಿ ತೋರಿಸಿದವರು ಅಮೆರಿಕದ ಆಸ್ಟಿನ್‌ನಲ್ಲಿದ್ದ ಎಂಸಿಸಿ ಸಂಶೋಧನಾ ಸಂಸ್ಥೆಯ ಎಲಿಸ್ ಮತ್ತು ಗಿಬ್ಸ್. ಮುಂದೆ ಒಂದಕ್ಷರ ಸೇರಿರುವುದರಿಂದ ‘ಎರಡು ದಾಟಿ’ ಎಂಬುದನ್ನು ‘ಮೂರು ದಾಟಿ’ ಎಂದು ತಿದ್ದಿಕೊಂಡು ಪಾಲಿಸುವುದು ಅವರ ಉಪಾಯ. ಆಪರೇಷನಲ್ ಟ್ರಾನ್ಸ್‌ಫರ್ಮೇಶನ್ ಎನ್ನುವುದು ಇದನ್ನೇ. ಕೇಳಲು ಸುಲಭ. ಆದರೆ ಹಲವರ ತಿದ್ದುಪಡಿಗಳು ಅಡ್ಡಾದಿಡ್ಡಿಯಾಗಿ ತಲುಪಿದಾಗ ಅವರ ಮೊದಲ ಸೂತ್ರ ಸೋಲುತ್ತಿತ್ತು. 1995ರಲ್ಲಿ ಝೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದ ಜ್ಯೂಪಿಟರ್ ವ್ಯವಸ್ಥೆ ಎಲ್ಲ ತಿದ್ದುಪಡಿಗಳೂ ಒಂದು ಸರ್ವರ್ ಮೂಲಕವೇ ಹಾದುಹೋಗುವಂತೆ ಮಾಡಿ ಲೆಕ್ಕವನ್ನು ಹಗುರಗೊಳಿಸಿತು. ಗೂಗಲ್ ಡಾಕ್ಸ್ ನಿಂತಿರುವುದೂ ಇದೇ ವಂಶದ ತಂತ್ರದ ಮೇಲೆ.

ಅದೇ ದಶಕದಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ರೋಸ್‌ಮನ್ ಮತ್ತು ಗ್ರೀನ್‌ಬರ್ಗ್ ಗ್ರೂಪ್‌ಕಿಟ್ ಎಂಬ ತಂತ್ರಾಂಶ ಸಲಕರಣೆಯನ್ನು ರೂಪಿಸಿದರು. ಜೊತೆಗಾರರನ್ನು ಸೇರಿಸಿಕೊಳ್ಳುವುದು, ಅವರ ಮೌಸ್ ಎಲ್ಲಿ ಓಡಾಡುತ್ತಿದೆ ಎಂದು ತೋರಿಸುವುದು ಮೊದಲಾದ ಕೆಲಸಗಳನ್ನು ಪ್ರತಿಯೊಬ್ಬರೂ ಮೊದಲಿಂದ ಬರೆಯಬೇಕಿಲ್ಲ ಎಂಬ ಉದಾರ ಯೋಚನೆ ಅದು.

ಆ ಯೋಚನೆಗೆ ಈಗ ಹೊಸ ಬಲ ಬಂದಿದೆ. 2011ರಲ್ಲಿ ಮಾರ್ಕ್ ಶಪಿರೊ ಮತ್ತು ಸಂಗಡಿಗರು ಸಿಆರ್‌ಡಿಟಿ ಎಂಬ ದತ್ತಾಂಶ ರಚನೆಗಳಿಗೆ ಖಚಿತ ರೂಪ ಕೊಟ್ಟರು. ಇಲ್ಲಿ ಸ್ಥಾನದ ಎಣಿಕೆಯೇ ಇಲ್ಲ. ಪ್ರತಿ ಅಕ್ಷರಕ್ಕೂ ಬದಲಾಗದ ಗುರುತಿನ ಸಂಖ್ಯೆಯಿದ್ದು, ‘ಇಂಥ ರ ಆದಮೇಲೆ ಳು’ ಎಂದು ಸೂಚನೆ ಹೋಗುತ್ತದೆ. ಅಳಿಸಿದ ಅಕ್ಷರದ ಗುರುತನ್ನೂ ಸಾಮಾನ್ಯವಾಗಿ ಉಳಿಸಿಕೊಳ್ಳಬೇಕಾಗುವುದರಿಂದ ಕಡತ ಹಿಗ್ಗುತ್ತದೆ, ನಿಜ. ಆದರೆ ನೆಟ್‌ವರ್ಕ್ ಇಲ್ಲದ ಘಾಟಿಯ ರೈಲಿನಲ್ಲಿ ಬರೆದದ್ದೂ ಆಮೇಲೆ ತಾನಾಗಿ ಕೂಡಿಕೊಳ್ಳುತ್ತದೆ, ನಡುವೆ ಯಜಮಾನ ಸರ್ವರ್ ಬೇಕಾಗಿಲ್ಲ. ಇದು ಬಹಳ ದೊಡ್ಡ ಲಾಭ ಎಂದೇ ನನ್ನ ಎಣಿಕೆ. ವೈಜೆಎಸ್, ಆಟೋಮರ್ಜ್ ಎಂಬ ಮುಕ್ತ ತಂತ್ರಾಂಶ ಲೈಬ್ರರಿಗಳಲ್ಲಿ ಈ ಕಷ್ಟದ ಗಣಿತವೆಲ್ಲ ಸಿದ್ಧವಾಗಿದೆ. ಯಾವ ಸಣ್ಣ ತಂಡವೂ ಅವನ್ನು ಎತ್ತಿಕೊಂಡು ತನ್ನ ಆ್ಯಪ್ ಕಟ್ಟಬಹುದು.

ಆದರೆ ಅಕ್ಷರಗಳು ಕೂಡಿದ ಮಾತ್ರಕ್ಕೆ ಅರ್ಥ ಕೂಡುವುದಿಲ್ಲ. ‘ಸಭೆ 4 ಗಂಟೆಗೆ’ ಎಂದಿದ್ದುದನ್ನು ಒಬ್ಬರು 5 ಎಂದೂ ಇನ್ನೊಬ್ಬರು 6 ಎಂದೂ ಒಟ್ಟಿಗೆ ತಿದ್ದಿದರೆ ಇಬ್ಬರಿಗೂ ‘56 ಗಂಟೆಗೆ’ ಎಂದು ಕಂಡೀತು! ಹಾಗಾಗಿ ಸಮಯದಂಥ ವಿವರವನ್ನು ಸಾಲಿನೊಳಗೆ ಬಿಡದೆ ಪ್ರತ್ಯೇಕ ಕಾಲಂನಲ್ಲಿ ಇಡಬೇಕು. ಆಗ ಆಟೋಮರ್ಜ್ 5, 6ರಲ್ಲಿ ಒಂದನ್ನು ಆರಿಸಿ ಎಲ್ಲರಿಗೂ ಅದನ್ನೇ ತೋರಿಸುತ್ತದೆ. ಇನ್ನೊಂದನ್ನೂ ಕಳೆಯದೆ ಇಟ್ಟುಕೊಂಡಿರುತ್ತದೆ. ಅದನ್ನು ಹೊರತೆಗೆದು ‘ಯಾವುದು ಸರಿ?’ ಎಂದು ಬಳಕೆದಾರರನ್ನು ಕೇಳುವ ಕೆಲಸ ಆ್ಯಪ್ ಬರೆಯುವವರದು.