ಮಕ್ಕಳಿಗೆ ಹಾಲಕ್ಕಿಯ ಪರಿಚಯ

ತಪ್ಪನ್ನು ಮತ್ತೊಬ್ಬರ ತಲೆಗೆ ಕಟ್ಟುವುದಕ್ಕೆ ನಾವು ‘ಗೂಬೆ ಕೂರಿಸುವುದು’ ಎನ್ನುತ್ತೇವೆ. ಮಂದಮತಿಯನ್ನು ಗೂಬೆಯೆಂದು ಹಳಿಯುತ್ತೇವೆ. ಮನೆಯ ಮೇಲೆ ಗೂಬೆ ಕುಳಿತು ಕೂಗಿದರೆ ಸಾವು ಬರುವುದೆಂದೂ, ಒಳಹೊಕ್ಕರೆ ಕೆಲಕಾಲ ಮನೆಯನ್ನೇ ತೊರೆಯಬೇಕೆಂದೂ ನಂಬುವ ಕುಟುಂಬಗಳು ಇಂದಿಗೂ ಉಂಟು. ಹೀಗಾಗಿ ನಮ್ಮ ಮಕ್ಕಳು ಹಕ್ಕಿಯನ್ನು ಕಾಣುವ ಮೊದಲೇ ಅದರ ಭಯವನ್ನು ಕಲಿತುಬಿಡುತ್ತಾರೆ. ವಾರ, ತಿಥಿ, ಶಕುನಗಳ ಅಂಜಿಕೆಯನ್ನು ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಅವರನ್ನು ನಿತ್ಯವೂ ಸ್ಮರಿಸುವ ಮನೆಗಳಲ್ಲಿ ಈ ಅಂಜಿಕೆ ಉಳಿದಿರುವುದು ಸೋಜಿಗವೇ ಸರಿ.

ಗೂಬೆಯನ್ನು ತೋರಿಸಲು ಮಕ್ಕಳನ್ನು ಕಾಡಿಗೆ ಕರೆದೊಯ್ಯಬೇಕಾಗಿಲ್ಲ. ಚಾಮರಾಜಪೇಟೆ 1892ರಲ್ಲಿಯೂ, ಬಸವನಗುಡಿ ಮತ್ತು ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿಯೂ ರೂಪುಗೊಂಡ ಬಡಾವಣೆಗಳು. ಇಂತಹ ಹಳೆಯ ಬಡಾವಣೆಗಳ ಮುದಿಮರಗಳಲ್ಲಿ ಪೊಟರೆಗಳಿರುತ್ತವೆ; ಪೊಟರೆಯಿದ್ದಲ್ಲಿ ಹಾಲಕ್ಕಿಗೆ ನೆಲೆಯುಂಟು. ಲಾಲ್‌ಬಾಗಿನಲ್ಲಂತೂ ತಾಳ್ಮೆಯಿಂದ ಹುಡುಕಿದರೆ ಅದನ್ನು ಕಾಣಬಹುದು.

ಹಾಲಕ್ಕಿ ಒಂದು ಪುಟ್ಟ ಗೂಬೆ. ಗಾತ್ರದಲ್ಲಿ ಹೆಚ್ಚುಕಡಿಮೆ ಗೊರವಂಕದಷ್ಟು. ಕಂದು ಮೈಮೇಲೆ ಬಿಳಿಯ ಚುಕ್ಕೆಗಳು, ಹಳದಿ ಕಣ್ಣು, ಬಿಳಿ ಹುಬ್ಬು. ಗಂಡುಹೆಣ್ಣು ಜೊತೆಯಾಗಿಯೇ ಬಾಳುತ್ತವೆ. ಹಗಲಿನಲ್ಲಿ ಪೊಟರೆಯ ಬಾಯಲ್ಲಿ ಕುಳಿತ ಹಕ್ಕಿ, ನಮ್ಮನ್ನು ಕಂಡೊಡನೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ದಿಟ್ಟಿಸುತ್ತದೆ. ಈ ನೋಟಕ್ಕೆ ನಗದ ಮಗು ಇರಲಾರದು. ಮುಸ್ಸಂಜೆಯಲ್ಲಿ ಹೊರಬಂದು ಜೀರುಂಡೆ, ಪತಂಗ, ಹಲ್ಲಿ, ಸಣ್ಣ ಇಲಿಗಳನ್ನು ಬೇಟೆಯಾಡುತ್ತದೆ. ಅದರ ಕೂಗು ಜಗಳವಾಡಿದಂತೆ ಕರ್ಕಶ. ಅದರಲ್ಲಿ ಯಾರ ಸಾವಿನ ಸುದ್ದಿಯೂ ಇಲ್ಲ. ಬುಡುಬುಡಿಕೆಯವರು ಬೆಳಗಿನ ಜಾವದಲ್ಲಿ ಬೀದಿಗೆ ಬಂದು, ಹಾಲಕ್ಕಿ ನುಡಿಯಿತೆಂದು ಶುಭ ಹೇಳುವುದನ್ನು ಹಿರಿಯರು ಬಲ್ಲರು. ಒಂದೇ ಹಕ್ಕಿ ಒಬ್ಬರ ಬಾಯಲ್ಲಿ ಶುಭ, ಇನ್ನೊಬ್ಬರ ಬಾಯಲ್ಲಿ ಅಶುಭ!

ಬೆಂಗಳೂರಿನಲ್ಲಿರುವ ಇನ್ನೊಂದು ಗೂಬೆ ಕಣಜ ಗೂಬೆ. ಹೃದಯದಾಕಾರದ ಬಿಳಿಯ ಮುಖ ಇದರ ಗುರುತು. ಗೋಪುರ, ಹಳೆಯ ಕಟ್ಟಡದ ಸಂದು, ಈಗೀಗ ಬಹುಮಹಡಿ ಕಟ್ಟಡಗಳ ಕಿಂಡಿಗಳಲ್ಲಿಯೂ ವಾಸ. ಇದರ ಕಿವಿಗಳಲ್ಲಿ ಒಂದು ಮೇಲೆ, ಮತ್ತೊಂದು ತುಸು ಕೆಳಗೆ. ಆದ್ದರಿಂದ ಶಬ್ದವು ಎರಡೂ ಕಿವಿಗಳನ್ನು ಒಂದೇ ರೀತಿಯಲ್ಲಿ ತಲುಪುವುದಿಲ್ಲ. ಆ ಅಂತರದಿಂದಲೇ ಕಡುಗತ್ತಲೆಯಲ್ಲಿಯೂ ಇಲಿಯ ನೆಲೆಯನ್ನು ಅದು ಅರಿಯುತ್ತದೆ. ರೆಕ್ಕೆಯಂಚಿನ ಗರಿಗಳು ಬಾಚಣಿಗೆಯ ಹಲ್ಲಿನಂತಿರುವುದರಿಂದ ಹಾರಾಟದ ಸದ್ದು ಇಲಿಗೆ ಕೇಳಿಸದು. ಮಲೇಷಿಯಾದ ತಾಳೆಯೆಣ್ಣೆ ತೋಟಗಳಲ್ಲಿ ಇಲಿಗಳ ಹಾವಳಿ ತಗ್ಗಿಸಲು ಪೆಟ್ಟಿಗೆಗಳನ್ನಿಟ್ಟು ಈ ಗೂಬೆಗಳನ್ನು ಕರೆದು ನೆಲೆಗೊಳಿಸಿದ್ದಾರೆ. ನಾವಾದರೋ ಓಡಿಸುತ್ತೇವೆ.

ಗೂಬೆಯ ಕಣ್ಣುಗುಡ್ಡೆಗಳು ನಮ್ಮವುಗಳಂತೆ ಹೊರಳುವುದಿಲ್ಲ. ಅದಕ್ಕಾಗಿಯೇ ಅದು ಕತ್ತನ್ನು ಸುಮಾರು 270 ಡಿಗ್ರಿಯಷ್ಟು ತಿರುಗಿಸಬಲ್ಲುದು. ನಮ್ಮ ಕತ್ತಿನಲ್ಲಿ 7 ಮೂಳೆಗಳಿದ್ದರೆ ಅದಕ್ಕೆ 14. ಇದನ್ನು ಹೇಳಿ ಮಕ್ಕಳಿಗೆ ಕತ್ತು ತಿರುಗಿಸಲು ಹೇಳಿರಿ, ಪಾಠ ಮರೆಯುವುದಿಲ್ಲ.

ಮೌಢ್ಯದ ಫಲ ಬರಿಯ ಭಯಕ್ಕೆ ನಿಲ್ಲುವುದಿಲ್ಲ. ಮಾಟಮಂತ್ರಗಳಿಗಾಗಿ ಗೂಬೆಗಳನ್ನು ಹಿಡಿದು ಮಾರುವುದನ್ನೂ, ದೀಪಾವಳಿಯ ವೇಳೆಗೆ ಬಲಿ ಕೊಡುವುದನ್ನೂ ವನ್ಯಜೀವಿ ವ್ಯಾಪಾರವನ್ನು ಗಮನಿಸುವ ಟ್ರಾಫಿಕ್ ಸಂಸ್ಥೆ 2010ರ ವರದಿಯಲ್ಲಿ ಬಯಲಿಗೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗೂಬೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಇದಲ್ಲದೆ, ಟೊಳ್ಳಾಗಿದೆಯೆಂದು ಮುದಿಮರವನ್ನು ಕಡಿದಾಗಲೆಲ್ಲ ಒಂದು ಸಂಸಾರದ ಮನೆ ಹೋಗುತ್ತದೆ.

ಹಾಲಕ್ಕಿ ಸಾಮಾನ್ಯವಾಗಿ ನವೆಂಬರಿನಿಂದ ಏಪ್ರಿಲ್ ವರೆಗೆ ಮರಿ ಮಾಡುತ್ತದೆ. ಆ ದಿನಗಳಲ್ಲಿ ಮರಿಯೊಂದು ಅಂಗಳಕ್ಕೆ ಬಿದ್ದರೆ ಮಕ್ಕಳು ಓಡಿಬಂದು ನಿಮಗೇ ಹೇಳುತ್ತಾರೆ. ಗಾಯವಿಲ್ಲದ, ಗರಿ ಮೂಡಿದ ಮರಿಯಾದರೆ ನಾಯಿ ಬೆಕ್ಕುಗಳಿಗೆ ಎಟುಕದಂತೆ ಹತ್ತಿರದ ಕೊಂಬೆಯ ಮೇಲಿರಿಸಿ ದೂರ ಸರಿಯಿರಿ. ತಾಯಿತಂದೆ ಬಂದು ಉಣಿಸುತ್ತವೆ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಿರುವೆಡೆ ಇಟ್ಟು ಅರಣ್ಯ ಇಲಾಖೆಗಾಗಲಿ, ಕೆಂಗೇರಿಯ ಬಳಿಯಿರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗಾಗಲಿ ತಿಳಿಸಿರಿ. ಕರುಣೆಯಿಂದ ಹಾಲು, ಅನ್ನಗಳನ್ನು ಮಾತ್ರ ಬಾಯಿಗಿಡಬೇಡಿರಿ; ಅವು ಅದರ ಆಹಾರವಲ್ಲ.