ಗದುಗಿನ ಪುಣ್ಯಾಶ್ರಮ: ಅನ್ನದಾಸೋಹ ಮತ್ತು ನಾದದಾಸೋಹ

ದೀನರಿಗೂ ಅಂಗವಿಕಲರಿಗೂ ಆಸರೆಯಾಗುವ ಸಂಸ್ಥೆಗಳಲ್ಲಿ ಎರಡು ಬಗೆ. ಹಸಿದವನಿಗೆ ಅನ್ನವಿಕ್ಕಿ ಅಂದಿನ ಸಂಕಟವನ್ನು ನೀಗುವುದು ಒಂದು. ಅವನೇ ದುಡಿದು ನಾಲ್ವರಿಗೆ ಅನ್ನವಿಕ್ಕುವಂತೆ ಸಿದ್ಧಗೊಳಿಸುವುದು ಮತ್ತೊಂದು. ಮೊದಲನೆಯದು ಸುಲಭವೆಂದಲ್ಲ, ಎರಡನೆಯದಂತೂ ತಪಸ್ಸೇ ಸರಿ. ಇವೆರಡನ್ನೂ ಒಂದೇ ಸೂರಿನಡಿ ನಡೆಸಿಕೊಂಡು ಬಂದ ಹಿರಿಮೆ ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮದ್ದು.

ಇದರ ಬೇರು ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಕಾರುಣ್ಯದಲ್ಲಿದೆ. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಮಹನೀಯರು ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯ ಹುಟ್ಟುಗುರುಡ ಬಾಲಕನೊಬ್ಬನ ಕಂಠಮಾಧುರ್ಯವನ್ನು ಗುರುತಿಸಿ ಅವನಿಗೆ ಸಂಗೀತ ವಿದ್ಯೆ ದೊರೆಯುವಂತೆ ಮಾಡಿದರು. ಅಂಧ ಬಾಲಕನಿಗೆ ಅಂದು ಭಿಕ್ಷಾಟನೆಯಲ್ಲದೆ ಬೇರೆ ದಾರಿ ತೋರುವವರೇ ವಿರಳ. 1892ರಲ್ಲಿ ಜನಿಸಿದ ಆ ಬಾಲಕನೇ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಪ್ರಭುತ್ವ ಪಡೆದ ಪಂಚಾಕ್ಷರ ಗವಾಯಿಗಳು. ತಾವು ಪಡೆದುದನ್ನು ಅವರು ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಜೊತೆಗೂಡಿಸಿಕೊಂಡು ಊರೂರು ಸಂಚರಿಸುತ್ತಲೇ ಪಾಠ ಹೇಳಿದರು. ಈ ಸಂಚಾರಿ ಪಾಠಶಾಲೆಗೆ ಕೊನೆಗೆ ಗದುಗಿನಲ್ಲಿ ನೆಲೆ ದೊರೆಯಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಆ ಹೊರೆಯನ್ನು ಹೊತ್ತವರು ಅವರ ಶಿಷ್ಯರೇ ಆದ, ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು (1914–2010).

ಆಶ್ರಮದ ಖರ್ಚು ಸಾಗಿದ ಬಗೆಯನ್ನು ದಾನಿಗಳು ಗಮನಿಸಬೇಕು. ಕೈಚಾಚುವುದಷ್ಟೇ ಅಲ್ಲ, ದುಡಿಯುವುದೂ ಅಲ್ಲಿನ ರೀತಿಯಾಗಿತ್ತು. ಆಶ್ರಮದ ನಾಟಕ ಸಂಘವು ಊರೂರುಗಳಲ್ಲಿ ಆಡಿ ತಂದ ಹಣದಿಂದ ಮಕ್ಕಳ ಊಟ, ವಸತಿ ನಡೆದವು. ಭಕ್ತರು ಪುಟ್ಟರಾಜರಿಗೆ ಅಸಂಖ್ಯ ತುಲಾಭಾರಗಳನ್ನು ನೆರವೇರಿಸಿದರು. ಆ ನಾಣ್ಯರಾಶಿಯೂ ಆಶ್ರಮಕ್ಕೇ ಸಂದಿತು. ಕಣ್ಣುಳ್ಳ ಬಡ ಮಕ್ಕಳಿಗೂ ಅಲ್ಲಿ ಬಾಗಿಲು ತೆರೆದಿತ್ತು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಈ ಗುರುಪರಂಪರೆಯ ಫಲಗಳೇ.

ಸಂಗೀತವನ್ನೇ ಏಕೆ ಆರಿಸಿದರು? ಗುರುಮುಖದಿಂದ ಕೇಳಿ, ಕಂಠಗತ ಮಾಡಿಕೊಳ್ಳುವ ವಿದ್ಯೆಯಲ್ಲಿ ಕಣ್ಣಿಲ್ಲದವನು ಕಣ್ಣುಳ್ಳವನಿಗೆ ಸರಿಸಮಾನನು. ಆದರೆ ಕಿವಿಯೊಂದೇ ಸಾಲದು, ಅಕ್ಷರವೂ ಬೇಕು. ಆರು ಚುಕ್ಕೆಗಳ ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುತ್ತಾರೆ. ಕೈಯಿಂದ ಬರೆಯುವವನು ದಪ್ಪ ಕಾಗದವನ್ನು ಪಟ್ಟಿಯಲ್ಲಿ ಸಿಕ್ಕಿಸಿ, ಮೊನೆಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತಾನೆ. ಮಗುಚಿದಾಗ ಉಬ್ಬು ಚುಕ್ಕೆಗಳು ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತವೆ. ಭಾರತೀ ಬ್ರೈಲ್‌ನಲ್ಲಿ ಕನ್ನಡದ ‘ಕ’ಕಾರಕ್ಕೂ ಹಿಂದಿಯ ‘ಕ’ಕಾರಕ್ಕೂ ಒಂದೇ ಗುರುತು. ನಮ್ಮ ನುಡಿಗಳ ವರ್ಣಮಾಲೆ ಒಂದೇ ಕ್ರಮದ್ದೆಂಬ ವ್ಯಾಕರಣದ ಮಾತು ಇಲ್ಲಿ ಬೆರಳ ತುದಿಗೆ ತಿಳಿಯುತ್ತದೆ! ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥರಚನೆ ಮಾಡಿದ ಪುಟ್ಟರಾಜರು ಬ್ರೈಲ್ ಬಲ್ಲವರಾಗಿದ್ದರು.

2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಮಾನ್ಯ ಮಾಡಿ, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರ ಮೀಸಲಾತಿಯನ್ನು ವಿಧಿಸಿದೆ. ಆದರೆ ಓದಲು ಪುಸ್ತಕವಿಲ್ಲದವನು ಆ ಹುದ್ದೆಯ ಬಾಗಿಲವರೆಗೆ ಹೋಗುವುದೆಂತು? ಮುದ್ರಿತ ಪಠ್ಯವೊಂದು ಬ್ರೈಲ್‌ಗೆ ಇಳಿದಾಗ ಹಲವು ದಪ್ಪ ಸಂಪುಟಗಳಾಗಿ ಹರಡುತ್ತದೆ. ಹಬ್ಬದ ದಿನ ಸಿಹಿಯೂಟಕ್ಕೆ ದಾನ ಬರೆಸುವವರು ಇಂತಹ ಸಂಸ್ಥೆಗಳಲ್ಲಿ ಅನೇಕರು. ಆ ದಪ್ಪ ಕಾಗದಕ್ಕೆ, ತಬಲಾದ ಹೊಸ ಚರ್ಮಕ್ಕೆ, ಪಾಠ ಓದಿ ಹೇಳುವವನ ಸಂಬಳಕ್ಕೆ ಹೆಸರು ಬರೆಸುವವರು ಕೆಲವರೇ.